ನಿಲ್ಲುವುದಾದರೆ ಎಲ್ಲಿ ನಿಲ್ಲಬೇಕು?

2006–07ರ ಆಸುಪಾಸಿನ ವೆಬ್‌ಪುಟಗಳಲ್ಲಿ ಒಂದು ವಿಚಿತ್ರ ದೃಶ್ಯ ಸಾಮಾನ್ಯವಾಗಿತ್ತು. ಪುಟದ ಮೇಲ್ಭಾಗದಲ್ಲಿ ಒಂದು ಮೆನು. ಮೌಸನ್ನು ಅದರ ಮೇಲೆ ತಂದರೆ ಪಟ್ಟಿ ಮೆಲ್ಲಗೆ ಕೆಳಗಿಳಿಯುತ್ತಿತ್ತು, ಆಚೆ ಸರಿಸಿದರೆ ಮೇಲೇರಿ ಮುಚ್ಚಿಕೊಳ್ಳುತ್ತಿತ್ತು. ಆದರೆ ಮೌಸ್ ಅದರ ಮೇಲೆ ಐದಾರು ಸಲ ಅವಸರದಲ್ಲಿ ಅತ್ತಿತ್ತ ಹಾದುಹೋಯಿತೆಂದರೆ, ಕೈ ಸುಮ್ಮನಾದ ಮೇಲೂ ಪಟ್ಟಿ ತನ್ನಷ್ಟಕ್ಕೆ ತೆರೆಯುತ್ತ ಮುಚ್ಚುತ್ತ ಇರುತ್ತಿತ್ತು. ಇದು ಕಂಪ್ಯೂಟರ್ ಕೆಟ್ಟದ್ದರಿಂದ ಆದದ್ದಲ್ಲ. ಜಾನ್ ರೆಸಿಗ್ ರೂಪಿಸಿದ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಗ್ರಂಥಾಲಯದ ಮೊದಲ ಆವೃತ್ತಿ 2006ರ ಆಗಸ್ಟ್‌ನಲ್ಲಿ ಬಂದಿತ್ತು. ಒಂದೇ ಸಾಲು ಬರೆದು ಪಟ್ಟಿಯನ್ನು ಇಳಿಸುವ, ಏರಿಸುವ ಅನುಕೂಲ ಅದರಿಂದ ಸಾಮಾನ್ಯ ಪ್ರೋಗ್ರಾಮರ್‌ಗಳಿಗೆ ಸಿಕ್ಕಿತು. ಒಂದೇ ವಸ್ತುವಿಗೆ ಎರಡು ಅನಿಮೇಷನ್ ಆದೇಶಗಳು ಬಂದರೆ ಜೆಕ್ವೆರಿ ಎರಡನೆಯದನ್ನು ಸರದಿಯಲ್ಲಿ ಇಡುತ್ತದೆ, ಮೊದಲನೆಯದು ಮುಗಿದ ಮೇಲೆ ಅದನ್ನು ನಡೆಸುತ್ತದೆ. ಬೇರೆ ಅವಧಿ ಹೇಳದಿದ್ದರೆ ಒಂದೊಂದಕ್ಕೆ 400 ಮಿಲಿಸೆಕೆಂಡು. ಐದು ಸಲ ಒಳಗೆ, ಐದು ಸಲ ಹೊರಗೆ ಎಂದರೆ ಹತ್ತು ಆದೇಶ, ನಾಲ್ಕು ಸೆಕೆಂಡು. ಪಟ್ಟಿ ತಾನು ಕೇಳಿದ ಪ್ರತಿಯೊಂದು ಮಾತನ್ನೂ ನಿಷ್ಠೆಯಿಂದ ಪಾಲಿಸುತ್ತಿತ್ತು. ಆ ಮಾತುಗಳನ್ನು ಹಿಂತೆಗೆದುಕೊಳ್ಳುವ 'ಸ್ಟಾಪ್' ಎಂಬ ಆದೇಶ ಜೆಕ್ವೆರಿಗೆ ಸೇರಿದ್ದು 1.2ನೇ ಆವೃತ್ತಿಯಲ್ಲಿ, ಮೊದಲ ಆವೃತ್ತಿ ಬಂದು ಒಂದು ವರ್ಷ ಕಳೆದ ಮೇಲೆ.

ಈ ಒಂದು ವರ್ಷದ ಅಂತರ ಆಕಸ್ಮಿಕವಲ್ಲ ಎಂಬುದು ಈ ಅಧ್ಯಾಯದ ವಾದ. ವೆಬ್ಬಿನ ಚರಿತ್ರೆಯಲ್ಲಿ ಚಲನೆಯನ್ನು ಶುರುಮಾಡುವ ಸಾಧನ ಮೊದಲು ಬಂದು, ಅದನ್ನು ಸರಿಯಾಗಿ ನಿಲ್ಲಿಸುವ ಸಾಧನ ತಡವಾಗಿ ಬಂದದ್ದು ಮತ್ತೆ ಮತ್ತೆ ಕಾಣುತ್ತದೆ. ಶುರುಮಾಡುವುದು ಸುಲಭದ ಕೆಲಸ: ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತು ಎಂದು ಹೇಳಿದರೆ ಮುಗಿಯಿತು. ನಿಲ್ಲಿಸುವಾಗ ಅಷ್ಟರಿಂದ ಮುಗಿಯುವುದಿಲ್ಲ. ಅರ್ಧ ದಾರಿಯಲ್ಲಿರುವ ವಸ್ತುವನ್ನು ಎಲ್ಲಿ ಬಿಡಬೇಕು, ಅದರ ಹಿಂದೆ ಸರದಿಯಲ್ಲಿ ಕಾದಿರುವ ಆದೇಶಗಳನ್ನು ಏನು ಮಾಡಬೇಕು, ಅದು ಮುಗಿಯಲಿ ಎಂದು ಕಾಯುತ್ತಿರುವ ಬೇರೆ ಕೋಡಿಗೆ ಏನೆಂದು ತಿಳಿಸಬೇಕು ಎಂಬುದನ್ನೆಲ್ಲ ಯಾರಾದರೂ ತೀರ್ಮಾನಿಸಲೇಬೇಕು. ತೀರ್ಮಾನಿಸದೆ ಬಿಟ್ಟರೆ ಯಂತ್ರವೇ ಏನೋ ಒಂದನ್ನು ಮಾಡುತ್ತದೆ. ಅದರ ಬೆಲೆ ತೆರುವವರು ಪರದೆಯ ಮುಂದೆ ಕುಳಿತವರು.

ಮೊದಲು ಕೋಡಿನ ಒಳಗೆ ನಡೆಯುವುದನ್ನು ನೋಡೋಣ. ಪರದೆಯಲ್ಲಿ ಚಲನೆ ಎಂಬುದು ನಿಜವಾಗಿ ಇಲ್ಲ. ಪೆಟ್ಟಿಗೆಯೊಂದು ಎಡದಿಂದ ಬಲಕ್ಕೆ ಜಾರುತ್ತಿದೆ ಎಂದು ಕಣ್ಣಿಗೆ ಅನಿಸುವಾಗ, ಸೆಕೆಂಡಿಗೆ 60 ಬಾರಿ ಹೊಸದಾಗುವ ಪರದೆಯಲ್ಲಿ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಅದನ್ನು ಸ್ವಲ್ಪ ಬಲಕ್ಕೆ ಸರಿಸಿ ಮರಳಿ ಬಿಡಿಸಲಾಗುತ್ತಿರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಇದನ್ನು ಮಾಡಿಸಲು ಮೂರು ಹಳೆಯ ದಾರಿಗಳಿವೆ. 'ಸೆಟ್‌ಟೈಮ್‌ಔಟ್' ಎಂದರೆ ಇಷ್ಟು ಹೊತ್ತಾದ ಮೇಲೆ ಈ ಕೆಲಸ ಮಾಡು. 'ಸೆಟ್‌ಇಂಟರ್ವಲ್' ಎಂದರೆ ಇಷ್ಟಿಷ್ಟು ಹೊತ್ತಿಗೊಮ್ಮೆ ಮಾಡುತ್ತಿರು. 2011ರಲ್ಲಿ ಬ್ರೌಸರ್‌ಗಳಿಗೆ ಬಂದ 'ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್' ಎಂದರೆ ಪರದೆಯನ್ನು ಮುಂದಿನ ಸಲ ಬಿಡಿಸುವ ಮುನ್ನ ನನ್ನನ್ನು ಕರೆ. ಮೂರೂ ತಕ್ಷಣ ಏನನ್ನೂ ಮಾಡುವುದಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಟೋಕನ್ ಕೊಡುವ ಹಾಗೆ ಹೆಸರು ಬರೆದುಕೊಂಡು ಒಂದು ಸಂಖ್ಯೆ ಕೊಡುತ್ತವೆ. ಬೇಡವೆಂದರೆ ಆ ಸಂಖ್ಯೆಯನ್ನು ತೋರಿಸಿ ಹೆಸರು ಹೊಡೆಸಬೇಕು. ಜಾವಾಸ್ಕ್ರಿಪ್ಟ್ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ, ಹಿಡಿದ ಕೆಲಸವನ್ನು ನಡುವೆ ಬಿಡುವುದಿಲ್ಲ. ಹಾಗಾಗಿ ಓಡುತ್ತಿರುವುದನ್ನು ಕೈಹಿಡಿದು ನಿಲ್ಲಿಸುವುದು ಇಲ್ಲಿ ಸಾಧ್ಯವೇ ಇಲ್ಲ. ಸಾಧ್ಯವಿರುವುದು ಮುಂದಿನ ಸರದಿಯನ್ನು ರದ್ದುಮಾಡುವುದು ಮಾತ್ರ.

ಈ ಸಣ್ಣ ಸಂಗತಿಯಿಂದ ಎಷ್ಟೋ ದೋಷಗಳು ಹುಟ್ಟಿವೆ. ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್ ಪ್ರತಿ ಚೌಕಟ್ಟಿಗೂ, ಅಂದರೆ ಪರದೆಯನ್ನು ಬಿಡಿಸುವ ಪ್ರತಿ ಸಲಕ್ಕೂ, ಹೊಸ ಸಂಖ್ಯೆ ಕೊಡುತ್ತದೆ. ಮೊದಲ ಸಲ ಸಿಕ್ಕಿದ್ದನ್ನೇ ಜೋಪಾನವಾಗಿಟ್ಟುಕೊಂಡು ಕೊನೆಯಲ್ಲಿ ಅದನ್ನು ರದ್ದುಮಾಡಿದರೆ, ಎಂದೋ ಮುಗಿದುಹೋದ ಸರದಿಯನ್ನು ರದ್ದುಮಾಡಿದಂತಾಗುತ್ತದೆ. ಬ್ರೌಸರ್ ದೂರುವುದಿಲ್ಲ, ಅನಿಮೇಷನ್ ನಿಲ್ಲುವುದಿಲ್ಲ. ಇನ್ನೊಂದು ಬಗೆಯ ತಪ್ಪಿದೆ: ಕರೆಸಿಕೊಂಡ ಕೆಲಸದ ಒಳಗಿನಿಂದಲೇ ತನ್ನ ಸಂಖ್ಯೆಯನ್ನು ರದ್ದುಮಾಡಿ, ಅದರ ಮುಂದಿನ ಸಾಲಿನಲ್ಲಿ ಹೊಸ ಸರದಿಗೆ ಹೆಸರು ಬರೆಸುವುದು. ಈ ಕಾರಣಕ್ಕೇ ಅನುಭವಿಗಳು ಸಂಖ್ಯೆಯೊಂದನ್ನೇ ನಂಬುವುದಿಲ್ಲ. 'ಇನ್ನೂ ನಡೆಯಬೇಕೇ' ಎಂಬ ಗುರುತನ್ನು ಬೇರೆಯಾಗಿ ಇಟ್ಟುಕೊಂಡು, ಪ್ರತಿ ಚೌಕಟ್ಟಿನ ಆರಂಭದಲ್ಲಿ ಅದನ್ನು ನೋಡಿ, ಹೌದೆಂದರೆ ಮಾತ್ರ ಮುಂದಿನದಕ್ಕೆ ಹೆಸರು ಬರೆಸುತ್ತಾರೆ. ಫೈರ್‌ಫಾಕ್ಸ್ 4 ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್ ಸೌಲಭ್ಯವನ್ನು ಮೊದಲ ಬಾರಿಗೆ ತಂದಾಗ ಅದರಲ್ಲಿ ರದ್ದುಮಾಡುವ ಆದೇಶವೇ ಇರಲಿಲ್ಲ, ಅದು ಆಮೇಲಿನ ಆವೃತ್ತಿಯೊಂದರಲ್ಲಿ ಸೇರಿತು ಎಂಬುದನ್ನೂ ನಮ್ಮ ವಾದದ ಪರವಾಗಿ ಗುರುತಿಸಿಕೊಳ್ಳಬಹುದು.

ಈಗ ಜೆಕ್ವೆರಿಯ ಸ್ಟಾಪ್ ಆದೇಶಕ್ಕೆ ಮರಳೋಣ. ಅದರ ರೂಪವೇ ಒಂದು ಸಾಕ್ಷ್ಯ. ಹೌದು ಅಥವಾ ಅಲ್ಲ ಎಂಬ ಎರಡು ಉತ್ತರಗಳನ್ನು ಅದು ಕೇಳುತ್ತದೆ: ಸರದಿಯಲ್ಲಿ ಕಾದಿರುವುದನ್ನೂ ಅಳಿಸಬೇಕೇ, ಈಗ ಓಡುತ್ತಿರುವುದನ್ನು ನೇರವಾಗಿ ಕೊನೆಯ ಸ್ಥಾನಕ್ಕೆ ನೆಗೆಸಬೇಕೇ. ಏನನ್ನೂ ಹೇಳದೆ ಬರೀ ಸ್ಟಾಪ್ ಎಂದರೆ ವಸ್ತು ಇದ್ದಲ್ಲೇ ನಿಂತು, ಸರದಿಯಲ್ಲಿರುವ ಮುಂದಿನ ಅನಿಮೇಷನ್ ಕೂಡಲೇ ಶುರುವಾಗುತ್ತದೆ. ನಿಲ್ಲಿಸಿದವರ ಕಣ್ಣಿಗೆ ಏನೂ ನಿಲ್ಲಲಿಲ್ಲ ಅನಿಸುತ್ತದೆ. ಸರದಿ ಅಳಿಸಿದರೆ ಅರ್ಧ ತೆರೆದ ಪಟ್ಟಿ ಅರ್ಧವೇ ಉಳಿಯುತ್ತದೆ. ಎರಡಕ್ಕೂ ಹೌದೆಂದರೆ ಪಟ್ಟಿ ಥಟ್ಟನೆ ಪೂರ್ತಿ ತೆರೆದು ನಿಲ್ಲುತ್ತದೆ, ಸರದಿಯಲ್ಲಿದ್ದ 'ಮುಚ್ಚು' ಎಂಬ ಆದೇಶ ಕಳೆದುಹೋಗುತ್ತದೆ. ಎಲ್ಲವೂ ನಡೆದಿದ್ದರೆ ಕಟ್ಟಕಡೆಗೆ ಎಲ್ಲಿ ಇರುತ್ತಿತ್ತೋ ಅಲ್ಲಿಗೆ ಒಮ್ಮೆಗೇ ಒಯ್ಯುವ 'ಫಿನಿಶ್' ಎಂಬ ಆದೇಶ ಸೇರಿದ್ದು 2013ರ 1.9ನೇ ಆವೃತ್ತಿಯಲ್ಲಿ. ನಡುವೆ ಇನ್ನೊಂದು ತೊಡಕನ್ನು 1.7ನೇ ಆವೃತ್ತಿ ಸರಿಪಡಿಸಬೇಕಾಯಿತು: ತೆರೆಯುತ್ತಿದ್ದ ಪಟ್ಟಿಯನ್ನು ನಡುವೆ ನಿಲ್ಲಿಸಿದರೆ ಆ ಅರ್ಧ ಎತ್ತರವೇ ಅದರ ಸಹಜ ಎತ್ತರವೆಂದು ಅದಕ್ಕಿಂತ ಹಿಂದಿನ ಆವೃತ್ತಿಗಳು ತಿಳಿದುಬಿಡುತ್ತಿದ್ದವು, ಹಾಗಾಗಿ ವಸ್ತು ಕೆಲವೊಮ್ಮೆ ಕಾಣೆಯೇ ಆಗುತ್ತಿತ್ತು. ಇಲ್ಲಿ ಕೆಟ್ಟದ್ದು ಚಲನೆಯಲ್ಲ, ನೆನಪು. ತಾನು ಎಲ್ಲಿಂದ ಹೊರಟೆ, ಎಲ್ಲಿಗೆ ಹೋಗಬೇಕಿತ್ತು ಎಂಬ ಲೆಕ್ಕ ಇರಿಸದ ಕೋಡು ನಿಂತ ಜಾಗವನ್ನೇ ಮನೆಯೆಂದುಕೊಳ್ಳುತ್ತದೆ.

ಇಂದಿನ ಬ್ರೌಸರ್‌ಗಳಲ್ಲಿರುವ 'ವೆಬ್ ಅನಿಮೇಷನ್ಸ್' ಎಂಬ ಮಾನಕ ಈ ಪಾಠವನ್ನು ಚೆನ್ನಾಗಿ ಕಲಿತಿದೆ ಎಂದು ನನಗನಿಸುತ್ತದೆ. ಅದರಲ್ಲಿ ನಿಲ್ಲಿಸುವ ಒಂದೇ ಆದೇಶ ಇಲ್ಲ. 'ಪಾಸ್' ಎಂದರೆ ಇದ್ದಲ್ಲೇ ತಡೆ, ಮತ್ತೆ ಮುಂದುವರಿಯಬಹುದು; 'ಫಿನಿಶ್' ಎಂದರೆ ಕೊನೆಗೆ ಹೋಗು; 'ಕ್ಯಾನ್ಸಲ್' ಎಂದರೆ ಈ ಅನಿಮೇಷನ್ ನಡೆಯಲೇ ಇಲ್ಲವೆಂಬಂತೆ ಅದರ ಪರಿಣಾಮವನ್ನೆಲ್ಲ ತೆಗೆ. ಈಗಿರುವ ಸ್ಥಾನದಲ್ಲೇ ಶಾಶ್ವತವಾಗಿ ಉಳಿಸಬೇಕಾದರೆ ಆ ಸ್ಥಾನವನ್ನು ವಸ್ತುವಿನ ಶೈಲಿಗೆ ಬರೆದಿಡುವ ಆದೇಶ ಬೇರೆ ಇದೆ. ಅದನ್ನು ಮೊದಲು ಕೊಟ್ಟು ಆಮೇಲೆ ರದ್ದುಮಾಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಮುಗಿಯಲಿ ಎಂದು ಕಾಯುವ ಕೋಡಿಗೆ ಅದು ಕೊಡುವ ಉತ್ತರ. ಅನಿಮೇಷನ್ ಪೂರ್ತಿಯಾದರೆ ಕಾಯುವವರಿಗೆ 'ಮುಗಿಯಿತು' ಎಂಬ ಸುದ್ದಿ ಹೋಗುತ್ತದೆ. ರದ್ದಾದರೆ 'ರದ್ದಾಯಿತು' ಎಂಬ ದೋಷಸಂದೇಶ ಹೋಗುತ್ತದೆ. ಪುಟದ ರೂಪವನ್ನು ವಿವರಿಸುವ ಸಿಎಸ್‌ಎಸ್ ಭಾಷೆಯ ಹಳೆಯ ಅಭ್ಯಾಸದಲ್ಲಿ ಇದು ಕಷ್ಟವಾಗಿತ್ತು. ಪಾರದರ್ಶಕ ಪರದೆಯೊಂದು ಮಸುಕಾಗಿ ಮಾಯವಾದ ಮೇಲೆ ಅದನ್ನು ಪುಟದಿಂದ ತೆಗೆಯಬೇಕು ಎಂದು ಬರೆದಿರುವಾಗ, ಅದು ಮಸುಕಾಗುವ ನಡುವೆ ಯಾವುದೋ ಬೇರೆ ಕೋಡು ಅದರ ಮೇಲಿನ ಬದಲಾವಣೆಯನ್ನು ರದ್ದುಮಾಡಿದರೆ 'ಮುಗಿಯಿತು' ಎಂಬ ಸೂಚನೆ ಬರುವುದೇ ಇಲ್ಲ. ಕಣ್ಣಿಗೆ ಕಾಣದ ಆ ಪರದೆ ಪುಟವನ್ನೆಲ್ಲ ಮುಚ್ಚಿಕೊಂಡು, ಒತ್ತಿದ ಯಾವ ಗುಂಡಿಯೂ ಕೆಲಸ ಮಾಡದಂತಾಗುತ್ತದೆ. ಬಳಸುವವರು ಪುಟ ಸತ್ತಿತು ಎಂದುಕೊಳ್ಳುತ್ತಾರೆ. 'ರದ್ದಾಯಿತು' ಎಂಬ ಬೇರೆಯೇ ಸೂಚನೆ ಸಿಎಸ್‌ಎಸ್‌ಗೂ ಈಗ ಬಂದಿದೆ; ಅದಕ್ಕೆ ಕಿವಿಗೊಡುವ ಕೋಡು ಮಾತ್ರ ಇನ್ನೂ ಕಡಿಮೆ.

ಕಾದಿರಿಸಿದ ಚಲನೆಗಳ ಕಥೆ ಇನ್ನೂ ಸೂಕ್ಷ್ಮ. 2011ರ ಮೇ ತಿಂಗಳಲ್ಲಿ ಬಂದ ಜೆಕ್ವೆರಿ 1.6 ಹೊಸ ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್ ಅನ್ನು ಬಳಸತೊಡಗಿತು. ಅದರ ಒಂದು ದೊಡ್ಡ ಗುಣವೆಂದರೆ ಟ್ಯಾಬ್ ಮರೆಯಾದಾಗ ಅದು ತಾನಾಗಿ ನಿಂತುಬಿಡುವುದು. ನೋಡುವವರಿಲ್ಲದ ಚಿತ್ರ ಬಿಡಿಸಿ ಬ್ಯಾಟರಿ ಸುಡುವುದರಲ್ಲಿ ಅರ್ಥವಿಲ್ಲ. ಆದರೆ ಪುಟದಲ್ಲಿ ಸ್ಲೈಡ್‌ಶೋ ಒಂದಿದ್ದು, ಕೆಲವು ಸೆಕೆಂಡಿಗೊಮ್ಮೆ ಮುಂದಿನ ಚಿತ್ರಕ್ಕೆ ಸಾಗು ಎಂದು ಸೆಟ್‌ಇಂಟರ್ವಲ್ ಹೇಳುತ್ತಿದ್ದರೆ, ಮರೆಯಾದ ಟ್ಯಾಬಿನಲ್ಲೂ ಆ ಗಡಿಯಾರ ಬಡಿಯುತ್ತಲೇ ಇರುತ್ತದೆ. ಆದೇಶಗಳು ಸರದಿಗೆ ಸೇರುತ್ತ ಹೋದವು, ನಡೆಸುವವರಿರಲಿಲ್ಲ. ಬಳಸುವವರು ಅರ್ಧ ಗಂಟೆಯ ನಂತರ ಟ್ಯಾಬಿಗೆ ಮರಳಿದರೆ ಗುಡ್ಡೆಯಾಗಿದ್ದ ಅನಿಮೇಷನ್‌ಗಳೆಲ್ಲ ಒಂದರ ಬೆನ್ನಿಗೆ ಒಂದು ಓಡತೊಡಗುತ್ತಿದ್ದವು. ಅದೇ ವರ್ಷ 1.6.3ನೇ ಆವೃತ್ತಿಯಲ್ಲಿ ಜೆಕ್ವೆರಿ ತಂಡ ಈ ಬದಲಾವಣೆಯನ್ನೇ ವಾಪಸು ತೆಗೆಯಿತು. ಮರೆಯಾದ ಟ್ಯಾಬಿನ ವಿಷಯವನ್ನು ಬೇರೆಯಾಗಿ ನಿಭಾಯಿಸಿಕೊಂಡು ಅದು ಮರಳಿದ್ದು 2016ರ 3.0ರಲ್ಲಿ. ಐದು ವರ್ಷಗಳ ಈ ವಿಳಂಬ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಓಡುವುದನ್ನು ಮಾತ್ರ ನಿಲ್ಲಿಸಿ, ಓಡಲು ಹೇಳುವವರನ್ನು ನಿಲ್ಲಿಸದಿದ್ದರೆ ಆಗುವುದು ಇದೇ. ಮರೆಯಾದ ಟ್ಯಾಬುಗಳಲ್ಲಿ ಸೆಟ್‌ಟೈಮ್‌ಔಟ್ ಸೆಕೆಂಡಿಗೊಮ್ಮೆಗಿಂತ ಹೆಚ್ಚು ಬಡಿಯದಂತೆ ಬ್ರೌಸರ್‌ಗಳು 2011ರಲ್ಲೇ ಕಡಿವಾಣ ಹಾಕಿದವು, ಆದರೆ ಕಡಿವಾಣ ಹಾಕುವುದು ನಿಲ್ಲಿಸಿದಂತಲ್ಲ. ಟ್ಯಾಬ್ ಮರೆಯಾಯಿತು ಎಂಬ ಸೂಚನೆಯನ್ನು ಕೇಳಿಸಿಕೊಂಡು ಗಡಿಯಾರವನ್ನೇ ಹೊಡೆದುಹಾಕುವ, ಮರಳಿ ಕಂಡಾಗ ಹೊಸದಾಗಿ ಶುರುಮಾಡುವ ಹೊಣೆ ಪುಟ ಬರೆದವರದೇ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಹೆಚ್ಚಿನ ಅನಿಮೇಷನ್‌ಗಳು ಅರ್ಧ ಸೆಕೆಂಡನ್ನೂ ದಾಟುವುದಿಲ್ಲ; ಅಷ್ಟು ಚಿಕ್ಕದನ್ನು ನಿಲ್ಲಿಸಲು ಇಷ್ಟು ತಲೆಕೆಡಿಸಿಕೊಳ್ಳಬೇಕೇ, ಮುಗಿಯುವವರೆಗೆ ಕಾದರಾಗದೇ? ಒಂದೇ ಒಂದು ಅನಿಮೇಷನ್ ಇದ್ದರೆ ಆಕ್ಷೇಪ ಸರಿ. ಆದರೆ ಬಳಸುವವರು ಪುಟದೊಂದಿಗೆ ನಡೆಸುವುದು ಸಂಭಾಷಣೆ. ಅವರು ಮನಸ್ಸು ಬದಲಿಸುವುದು ಅನಿಮೇಷನ್ ನಡೆಯುತ್ತಿರುವಾಗಲೇ. ಆಗ ಹಳೆಯದನ್ನು ಮುಗಿಸಿಯೇ ತೀರುತ್ತೇನೆ ಎಂದು ಹಟ ಹಿಡಿದರೆ, 400 ಮಿಲಿಸೆಕೆಂಡುಗಳು ಕೂಡಿ ಮೆನುವಿನ ಆ ನಾಲ್ಕು ಸೆಕೆಂಡುಗಳಾಗುತ್ತವೆ. ಸಿಎಸ್‌ಎಸ್ ಟ್ರಾನ್ಸಿಶನ್‌ಗಳ ನಿರ್ದಿಷ್ಟ ವಿವರಣೆಯನ್ನು ಬರೆದವರು ಇದಕ್ಕೆ ಚಂದದ ಪರಿಹಾರ ಕೊಟ್ಟಿದ್ದಾರೆ. ಅರ್ಧ ದಾರಿ ಸಾಗಿದ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಿದರೆ, ಅದು ಇದ್ದಲ್ಲಿಂದಲೇ ಹಿಂದಿರುಗುತ್ತದೆ, ಹಿಂದಿರುಗಲು ಪೂರ್ತಿ ಅವಧಿ ತೆಗೆದುಕೊಳ್ಳದೆ ಸಾಗಿದ್ದರ ಪ್ರಮಾಣದಲ್ಲೇ ಕಡಿಮೆ ಹೊತ್ತು ತೆಗೆದುಕೊಳ್ಳುತ್ತದೆ. ನೋಡುವವರಿಗೆ ಏನೋ ನಿಂತು ಮತ್ತೇನೋ ಶುರುವಾಯಿತು ಎಂಬ ಭಾವನೆ ಬರುವುದೇ ಇಲ್ಲ.

ಈವರೆಗಿನದು ಅನುಕೂಲದ ಮಾತು. ದೇಹದ ಮಾತು ಇನ್ನೂ ಗಂಭೀರ. ಬೇಡವಾದ ಚಲನೆಯನ್ನು ಗಮನಿಸದೆ ಬಿಟ್ಟರಾಯಿತು ಎಂದು ಹೇಳುವವರಿದ್ದಾರೆ, ಆದರೆ ಗಮನವೆಂಬುದು ಪೂರ್ತಿ ನಮ್ಮ ಇಚ್ಛೆಯಲ್ಲಿ ಇಲ್ಲ. ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಏಬ್ರಮ್ಸ್ ಮತ್ತು ಶಾನ್ ಕ್ರೈಸ್ಟ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೇಳದೆಯೇ ಗಮನವನ್ನು ಸೆಳೆಯುವುದು ಚಲನೆಗಿಂತ ಮುಖ್ಯವಾಗಿ ಚಲನೆಯ ಆರಂಭ ಎಂದು ಕಂಡುಬಂತು. ಸುಮ್ಮನಿದ್ದದ್ದು ಥಟ್ಟನೆ ಅಲುಗಿದರೆ ನೋಟ ಅತ್ತ ಹರಿಯುತ್ತದೆ. ಕೆಲವು ಸೆಕೆಂಡಿಗೊಮ್ಮೆ ನಿಂತು ಮತ್ತೆ ಹೊರಡುವ ಸ್ಲೈಡ್‌ಶೋ, ಓದುತ್ತಿರುವವರನ್ನು ಪ್ರತಿ ಸಲವೂ ಹೊಸದಾಗಿ ಕೆಣಕುವುದು ಇದರಿಂದಲೇ. ಇನ್ನು ಒಳಕಿವಿಯ ಸಮತೋಲನ ವ್ಯವಸ್ಥೆಯಲ್ಲಿ ತೊಂದರೆ ಇರುವವರಿಗೆ, ಪರದೆಯ ತುಂಬ ಜಾರುವ ಹಿನ್ನೆಲೆ ಅಥವಾ ಹತ್ತಿರಕ್ಕೆ ನುಗ್ಗಿಬರುವ ಚಿತ್ರ ತಲೆಸುತ್ತು, ಹೊಟ್ಟೆತೊಳಸು ತರಬಲ್ಲದು. ಕಣ್ಣು ಚಲಿಸುತ್ತಿದ್ದೇವೆ ಎನ್ನುತ್ತದೆ, ಕಿವಿ ಇಲ್ಲ ಎನ್ನುತ್ತದೆ. 2013ರ ಸೆಪ್ಟೆಂಬರಿನಲ್ಲಿ ಆಪಲ್‌ನ ಐಓಎಸ್ 7 ಬಂದಾಗ ಅದರ ನುಗ್ಗುವ, ಹಿಗ್ಗುವ ಅನಿಮೇಷನ್‌ಗಳಿಂದ ವಾಕರಿಕೆ ಬರುತ್ತದೆ ಎಂದು ಹಲವರು ದೂರಿದರು. ಚಲನೆ ತಗ್ಗಿಸುವ ಸೌಲಭ್ಯವನ್ನು ಮುಂದಿನ ತಿಂಗಳಲ್ಲೇ ವಿಸ್ತರಿಸಬೇಕಾಯಿತು. ಮಿಟುಕುವ ಬೆಳಕಿನ ಅಪಾಯವಂತೂ ಅದಕ್ಕೂ ಮೊದಲೇ ಜಗತ್ತಿಗೆ ಗೊತ್ತಿತ್ತು: 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ ಪೋಕೆಮಾನ್ ಕಂತಿನಲ್ಲಿ ಕೆಂಪು–ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಬಾರಿ ಮಿಟುಕಿ, 600ಕ್ಕೂ ಹೆಚ್ಚು ಜನರನ್ನು, ಹೆಚ್ಚಾಗಿ ಮಕ್ಕಳನ್ನು, ಆಸ್ಪತ್ರೆಗೆ ಸಾಗಿಸಬೇಕಾಯಿತು.

ಫೋನಿನಲ್ಲೋ ಕಂಪ್ಯೂಟರಿನಲ್ಲೋ 'ಚಲನೆ ಕಡಿಮೆ ಇರಲಿ' ಎಂದು ಒಬ್ಬರು ಆರಿಸಿಕೊಂಡಿದ್ದಾರೆಯೇ ಎಂದು ವೆಬ್‌ಪುಟ ಕೇಳಿ ತಿಳಿಯುವ ವ್ಯವಸ್ಥೆ 2017ರಲ್ಲಿ ಸಫಾರಿ 10.1ರೊಡನೆ ಬಂತು, ಮುಂದಿನ ಎರಡು ವರ್ಷಗಳಲ್ಲಿ ಫೈರ್‌ಫಾಕ್ಸ್‌ಗೂ ಕ್ರೋಮ್‌ಗೂ. ಪುಟ ತೆರೆದುಕೊಂಡಾಗ ಒಮ್ಮೆ ಕೇಳಿ ಮರೆಯುವುದು ಇಲ್ಲಿ ಸಾಮಾನ್ಯ ಲೋಪ. ತಲೆಸುತ್ತಿದ ಮೇಲೆ ಆ ಆಯ್ಕೆಯನ್ನು ಹುಡುಕಿ ಒತ್ತುವವರಿಗೆ, ಆಗಲೇ ಓಡುತ್ತಿರುವ ಅನಿಮೇಷನ್ ನಿಲ್ಲಬೇಕು. ಆಯ್ಕೆ ಬದಲಾಯಿತು ಎಂಬ ಸೂಚನೆಯನ್ನು ಬ್ರೌಸರ್ ಕೊಡುತ್ತದೆ. ಪುಟದಲ್ಲಿ ಓಡುತ್ತಿರುವ ಸಿಎಸ್‌ಎಸ್ ಮತ್ತು ವೆಬ್ ಅನಿಮೇಷನ್‌ಗಳ ಪಟ್ಟಿಯನ್ನು ಒಂದೇ ಕರೆಯಲ್ಲಿ ಪಡೆಯಬಹುದು. ಜಾವಾಸ್ಕ್ರಿಪ್ಟ್ ಗಡಿಯಾರಗಳಿಂದ ಓಡುವವು ಮಾತ್ರ ಆ ಪಟ್ಟಿಯಲ್ಲಿ ಸಿಗುವುದಿಲ್ಲ, ಅವುಗಳ ಲೆಕ್ಕವನ್ನು ಬರೆದವರೇ ಇಟ್ಟಿರಬೇಕು.

ವಿನ್ಯಾಸಕಾರರ ಆಕ್ಷೇಪವೂ ಒಂದಿದೆ, ಅದನ್ನು ನಾನು ಗೌರವದಿಂದ ಕೇಳುತ್ತೇನೆ. ಚಲನೆ ಬರೀ ಅಲಂಕಾರವಲ್ಲ, ಅರ್ಥ ತಿಳಿಸುತ್ತದೆ, ಅದನ್ನು ತೆಗೆದರೆ ಪುಟ ಮೂಕವಾಗುತ್ತದೆ ಎನ್ನುತ್ತಾರೆ. ಇದಕ್ಕೆ ಪುರಾವೆ ಇದೆ. ಜೆಫ್ರಿ ಹೀರ್ ಮತ್ತು ಜಾರ್ಜ್ ರಾಬರ್ಟ್‌ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಅಂಕಿಅಂಶದ ನಕ್ಷೆ ಇನ್ನೊಂದಾಗಿ ಬದಲಾಗುವಾಗ ಥಟ್ಟನೆ ಬದಲಿಸುವುದಕ್ಕಿಂತ ಅನಿಮೇಷನ್ ಮೂಲಕ ಬದಲಿಸಿದರೆ ಯಾವುದು ಎಲ್ಲಿಗೆ ಹೋಯಿತು ಎಂದು ಜನ ಚೆನ್ನಾಗಿ ಗುರುತಿಸಬಲ್ಲರು. ಆದರೆ ಇದರ ಜೊತೆಗೆ ಬಾರ್ಬರಾ ಟ್ವರ್ಸ್ಕಿ ಮತ್ತು ಸಂಗಡಿಗರು 2002ರಲ್ಲಿ ಮಾಡಿದ ಪರಾಮರ್ಶೆಯನ್ನೂ ಓದಬೇಕು. ಸಂಕೀರ್ಣ ವಿಷಯವನ್ನು ಕಲಿಸುವಲ್ಲಿ ಅನಿಮೇಷನ್ ಸ್ಥಿರಚಿತ್ರಕ್ಕಿಂತ ಮೇಲು ಎಂಬ ನಂಬಿಕೆಗೆ ಅವರಿಗೆ ಗಟ್ಟಿ ಆಧಾರ ಸಿಗಲಿಲ್ಲ. ಎಷ್ಟೋ ಅನಿಮೇಷನ್‌ಗಳು ಗ್ರಹಿಸಲಾರದಷ್ಟು ವೇಗವಾಗಿ ಸಾಗಿಹೋಗುತ್ತವೆ ಎಂಬುದನ್ನು ಅವರು ಒಂದು ಕಾರಣವಾಗಿ ಹೇಳಿದರು. ನೋಡುವವರೇ ನಿಲ್ಲಿಸುವ, ಮತ್ತೆ ನಡೆಸುವ, ಹಿಂದಕ್ಕೆ ಹೋಗಿ ನೋಡುವ ಅವಕಾಶ ಈ ಕೊರತೆಯನ್ನು ತುಂಬಬಹುದು ಎಂಬುದು ಅವರ ಸಲಹೆ. ಎರಡನ್ನೂ ಸೇರಿಸಿ ನೋಡಿದರೆ ಚಲನೆಯ ಉಪಯೋಗವೂ ಅದನ್ನು ತಡೆಯುವ ಸ್ವಾತಂತ್ರ್ಯವೂ ಎದುರಾಳಿಗಳಲ್ಲ. ನಿಲ್ಲಿಸಲು ಬರುವ ಅನಿಮೇಷನ್ನೇ ಹೆಚ್ಚು ಕಲಿಸಬಹುದು. ಚಲನೆ ಬೇಡವೆಂದವರಿಗೆ ಅರ್ಥವನ್ನು ಬೇರೆ ರೀತಿಯಲ್ಲಿ ತಲುಪಿಸಬಹುದು: ಜಾರುವುದರ ಬದಲು ಮೆಲ್ಲಗೆ ಮೂಡುವುದು, ಮೂಡುವುದೂ ಬೇಡವಾದರೆ ಹೊಸ ಜಾಗದಲ್ಲಿ ಒಂದು ಗೆರೆಯ ಗುರುತು.

ವೆಬ್ಬಿನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಸುಲಭಲಭ್ಯತಾ ಮಾರ್ಗಸೂಚಿಯ ಎರಡನೇ ಆವೃತ್ತಿ 2008ರ ಡಿಸೆಂಬರಿನಲ್ಲಿ ಈ ಸ್ವಾತಂತ್ರ್ಯಕ್ಕೆ ನಿಯಮದ ರೂಪ ಕೊಟ್ಟಿತು. ತಾನಾಗಿ ಶುರುವಾಗಿ, ಬೇರೆ ವಿಷಯದ ಪಕ್ಕದಲ್ಲೇ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುವ ಯಾವುದನ್ನೇ ಆಗಲಿ, ತಡೆಹಿಡಿಯಲು, ನಿಲ್ಲಿಸಲು ಅಥವಾ ಮರೆಮಾಡಲು ಬಳಸುವವರಿಗೆ ದಾರಿ ಇರಬೇಕು; ಚಲನೆಯೇ ಅನಿವಾರ್ಯವಾದ ಕಡೆ ಮಾತ್ರ ವಿನಾಯಿತಿ. ಇದು ಮೂರು ಮಟ್ಟಗಳಲ್ಲಿ ಅತ್ಯಂತ ಕನಿಷ್ಠ ಮಟ್ಟದ ಅಗತ್ಯ. ಭಾರತದ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ ಮೊದಲು ಬಂದದ್ದು 2009ರಲ್ಲಿ. 2023ರ ಅದರ ಮೂರನೇ ಆವೃತ್ತಿ ಡಬ್ಲ್ಯು3ಸಿ ಮಾರ್ಗಸೂಚಿಯ 2.1ನೇ ಆವೃತ್ತಿಯ ಮಧ್ಯಮ ಮಟ್ಟವನ್ನು ಅನುಸರಿಸುತ್ತದೆ, ಆದ್ದರಿಂದ ಈ ನಿಯಮವೂ ಅದರೊಳಗೆ ಬರುತ್ತದೆ. ಪ್ರಕಟಣೆಗಳನ್ನು ಹರಿಯುವ ಸಾಲಾಗಿ ತೋರಿಸುವ ಪುಟವನ್ನು ಯೋಚಿಸಿ. ಅರ್ಜಿಯ ಕೊನೆಯ ದಿನಾಂಕ ಆ ಸಾಲಿನಲ್ಲಿದ್ದರೆ, ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುವವರಿಗೆ ವಾಕ್ಯ ಮುಗಿಯುವ ಮೊದಲೇ ಅದು ಪರದೆಯ ಅಂಚು ದಾಟಿರುತ್ತದೆ. ಅಲ್ಲಿ ಒಂದು ಗುಂಡಿ ಇರುವುದು ಸೌಜನ್ಯದ ಪ್ರಶ್ನೆಯಲ್ಲ, ಮಾಹಿತಿ ತಲುಪಿತೇ ಇಲ್ಲವೇ ಎಂಬ ಪ್ರಶ್ನೆ. ಮೌಸ್ ಮೇಲಿಟ್ಟಾಗ ನಿಲ್ಲುತ್ತದಲ್ಲ ಎಂಬ ಉತ್ತರ ಸಾಲದು. ಫೋನಿನಲ್ಲಿ ಮೌಸ್ ಇಲ್ಲ, ಕೀಲಿಮಣೆಯಿಂದಲೇ ಕೆಲಸ ಮಾಡುವವರ ಕೈಯಲ್ಲೂ ಇಲ್ಲ.

ಇಷ್ಟೆಲ್ಲ ಆದರೂ ಪುಟದ ಕೋಡಿಗೆ ಪೂರ್ತಿ ಬಗ್ಗದೆ ಉಳಿದಿರುವ ಒಂದು ಚಲನೆ ಇದೆ: ಜಿಫ್. ಪುಟದಲ್ಲಿ ಚಿತ್ರವಾಗಿ ಇರಿಸಿದ ಜಿಫ್‌ನ ಅನಿಮೇಷನ್ನಿಗೆ ತಡೆ, ಮುಂದುವರಿಸು ಎಂಬ ಆದೇಶಗಳೇ ಇಲ್ಲ. ಪ್ರೋಗ್ರಾಮರ್‌ಗಳು ಒಂದು ಚೌಕಟ್ಟನ್ನು ಬೇರೆ ಹಾಳೆಗೆ ನಕಲಿಳಿಸಿ ಅದನ್ನು ಜಿಫ್‌ನ ಜಾಗದಲ್ಲಿ ತೋರಿಸುತ್ತಾರೆ. ಇಲ್ಲವೇ ಚಲನೆ ತಗ್ಗಿಸಿ ಎಂದವರಿಗೆ ಸ್ಥಿರಚಿತ್ರವನ್ನು, ಉಳಿದವರಿಗೆ ಜಿಫ್ ಅನ್ನು ಕಳಿಸುವಂತೆ ಪುಟ ಬರೆಯುತ್ತಾರೆ. ಅದಕ್ಕಿಂತ ಒಳ್ಳೆಯದು, ನಿಲ್ಲಿಸುವ ಗುಂಡಿ ತನ್ನೊಡನೆಯೇ ಬರುವ ಸಣ್ಣ ವೀಡಿಯೊ ಬಳಸುವುದು. ಹಿಂದೆ ಹಲವು ಬ್ರೌಸರ್‌ಗಳಲ್ಲಿ ಎಸ್ಕೇಪ್ ಕೀ ಒತ್ತಿದರೆ ಪುಟದ ಜಿಫ್‌ಗಳೆಲ್ಲ ನಿಲ್ಲುತ್ತಿದ್ದವು. ಪುಟ ಬರೆದವರು ಏನನ್ನೂ ಮಾಡಬೇಕಿರಲಿಲ್ಲ, ನೋಡುವವರ ಕೈಯಲ್ಲೇ ಆ ಅಧಿಕಾರ ಇತ್ತು. ಫೈರ್‌ಫಾಕ್ಸ್ ಆಮೇಲೆ ಅದನ್ನು ಕೈಬಿಟ್ಟಿತು. 2023ರ ಐಓಎಸ್ 17ರಲ್ಲಿ, ಚಲಿಸುವ ಚಿತ್ರಗಳು ತಾವಾಗಿ ಓಡದಂತೆ ತಡೆಯುವ ಆಯ್ಕೆಯೊಂದು ಸುಲಭಲಭ್ಯತೆಯ ಸೆಟ್ಟಿಂಗ್‌ಗಳೊಳಗೆ ಬಂದಿದೆ. ಯಾವ ಪುಟದ ಅನುಮತಿಯನ್ನೂ ಅದು ಕೇಳುವುದಿಲ್ಲ.